ಸೂಜಿ ತಿರುಗಿಸುವ ಮೊದಲು: ಟೂ-ಸ್ಟ್ರೋಕ್ ಇಂಜಿನ್ನಿನ ದೋಷ ಹುಡುಕುವ ಪಾಠ



ಮೆಜೆಸ್ಟಿಕ್ಕಿನಿಂದ ಕಾಟನ್‌ಪೇಟೆ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ ನಾನು ಬಹಳ ವರ್ಷ ಗ್ಯಾರೇಜ್ ಕೆಲಸ ಮಾಡಿದವನು. ಈಗ ಕೈ ಮೊದಲಿನಂತೆ ಓಡುವುದಿಲ್ಲ, ಆದರೂ ಭಾನುವಾರ ಅಲ್ಲಿ ಹೋಗಿ ಕೂರುವ ಅಭ್ಯಾಸ ಬಿಟ್ಟಿಲ್ಲ. ಹಾಗೆ ಕೂತಿದ್ದಾಗ ಒಂದು ದಿನ ಚಾಮರಾಜಪೇಟೆಯ ಒಬ್ಬ ಪಿಯುಸಿ ಹುಡುಗ ಅಪ್ಪನ ಜೊತೆ ಬಂದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಮೊಳ ಉದ್ದದ ರಿಮೋಟ್ ಕಾರು. ಬ್ಯಾಟರಿಯಲ್ಲಿ ಓಡುವ ಆಟಿಕೆ ಅಲ್ಲ. ಅದರೊಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ನಿಜವಾದ ಟೂ-ಸ್ಟ್ರೋಕ್ ಇಂಜಿನ್ ಇತ್ತು.

"ಅಂಕಲ್, ಸ್ಟಾರ್ಟ್ ಆಗುತ್ತೆ. ಎರಡು ಮೂರು ನಿಮಿಷ ಚೆನ್ನಾಗೇ ಓಡುತ್ತೆ. ಬಿಸಿ ಆದ್ಮೇಲೆ ನಿಂತೋಗುತ್ತೆ. ರೇಸ್ ಬಿಟ್ರೂ ಇಂಜಿನ್ ಕೂಡ್ಲೇ ಇಳಿಯಲ್ಲ, ಹಾಗೇ ಕೂಗ್ತಾ ಇರುತ್ತೆ" ಅಂದ ಹುಡುಗ.

ಅಪ್ಪ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವರು. "ಪಿಸ್ಟನ್ ಹೋಗಿದೆ, ಹೊಸ ಇಂಜಿನ್ನೇ ಹಾಕ್ಬೇಕು ಅಂತ ಯಾರೋ ಹೇಳಿದ್ರಂತೆ ಸಾರ್. ರಜದಲ್ಲಿ ಅಂಗಡಿ ಕೆಲ್ಸಕ್ಕೆ ಹೋಗಿ ಕೂಡಿಟ್ಟ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾನೆ. ಕಾರಿಗೆ ಕೊಟ್ಟಿದ್ದಕ್ಕಿಂತ ಇಂಜಿನ್ನಿಗೇ ಜಾಸ್ತಿ ಆಗುತ್ತಂತೆ. ಅದು ನಮ್ ಕೈಲಿ ಆಗೋ ಮಾತಲ್ಲ."

ಪಿಸ್ಟನ್ ಹೋಗಿದೆ ಎಂದು ಹೇಳಿದವರು ಇಂಜಿನ್ ಬಿಚ್ಚಿ ನೋಡಿರಲಿಲ್ಲ. ಕೈಯಿಂದ ತಿರುಗಿಸಿಯೂ ನೋಡಿರಲಿಲ್ಲ. ಈ ಸಲದ ಪಾಠ ಅಲ್ಲಿಂದಲೇ ಶುರು. ಆಟಿಕೆ ಕಾರಿನ ವಿಷಯ ನಮಗೇಕೆ ಎನ್ನಬೇಡಿ. ಹಳೆಯ ಆರ್‌ಎಕ್ಸ್ 100, ಮೈಸೂರಿನ ಕಾರ್ಖಾನೆಯಿಂದ 1996ರವರೆಗೆ ಬರುತ್ತಿದ್ದ ಯೆಜ್ಡಿ, ತೋಟದಲ್ಲಿ ಕಳೆ ಕತ್ತರಿಸುವ ಮೆಷಿನ್, ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಸ್ಪ್ರೇಯರ್, ಮರ ಕೊಯ್ಯುವ ಚೈನ್ ಗರಗಸ, ಇವುಗಳ ಇಂಜಿನ್ ಉಸಿರಾಡುವುದೂ ಇದೇ ರೀತಿ. ಬೆಂಗಳೂರಿನಲ್ಲಿ ಟೂ-ಸ್ಟ್ರೋಕ್ ಆಟೋಗಳ ಕಾಲ ಹೆಚ್ಚುಕಡಿಮೆ ಮುಗಿಯಿತು, ಹೊಸ ಗಾಡಿಗಳಲ್ಲೂ ಅದು ಕಾಣುವುದಿಲ್ಲ. ಆದರೆ ಹಳ್ಳಿಯಲ್ಲಿ, ತೋಟದಲ್ಲಿ ಅದನ್ನು ರಿಪೇರಿ ಮಾಡಬಲ್ಲವರಿಗೆ ಇನ್ನೂ ಕೆಲಸ ಇದೆ.

ಮೊದಲು ಇಂಜಿನ್ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯೋಣ. ಇದು ತಿಳಿಯದೆ ದೋಷ ಹುಡುಕಲು ಹೊರಟರೆ ಕತ್ತಲೆಯಲ್ಲಿ ತಡಕಾಡಿದಂತೆ. ಟೂ-ಸ್ಟ್ರೋಕ್‌ನಲ್ಲಿ ಫೋರ್-ಸ್ಟ್ರೋಕಿನಂಥ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ತೂತುಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಮೇಲೆ ಹೋಗುವಾಗ ತಲೆಯ ಕಡೆ ಮಿಶ್ರಣ ಒತ್ತಲ್ಪಡುತ್ತದೆ. ಅದೇ ಹೊತ್ತಿಗೆ ಕೆಳಗೆ, ಕ್ರ್ಯಾಂಕ್ ಇರುವ ಗೂಡಿನಲ್ಲಿ, ಗಾಳಿ ಕಡಿಮೆಯಾಗಿ ಕಾರ್ಬುರೇಟರಿನಿಂದ ಹೊಸ ಮಿಶ್ರಣ ಒಳಗೆ ಎಳೆಯಲ್ಪಡುತ್ತದೆ. ಪಿಸ್ಟನ್ ಕೆಳಗೆ ಬರುವಾಗ ಕ್ರ್ಯಾಂಕ್ ಗೂಡಿನ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಯಿಂದ ಮೇಲಕ್ಕೆ ನುಗ್ಗುತ್ತದೆ, ಹಳೆಯ ಹೊಗೆಯನ್ನು ಸೈಲೆನ್ಸರಿಗೆ ತಳ್ಳುತ್ತದೆ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಎಂಬುವರು 1891ರ ಸುಮಾರಿಗೆ ರೂಪಿಸಿದ ಉಪಾಯ ಇದು. ಇಂದಿಗೂ ಮೂಲ ತತ್ವ ಅದೇ.

ಅಂದರೆ ಕ್ರ್ಯಾಂಕ್ ಗೂಡು ಬರೀ ಡಬ್ಬಿ ಅಲ್ಲ, ಅದು ಒಂದು ಸೈಕಲ್ ಪಂಪು. ಪಂಪಿನಲ್ಲಿ ಒಂದು ಸಣ್ಣ ತೂತಾದರೂ ಪಂಪು ಕೆಟ್ಟಂತೆ. ಮತ್ತೊಂದು ಮಾತು. ಫೋರ್-ಸ್ಟ್ರೋಕ್‌ನಲ್ಲಿ ಆಯಿಲ್ ಕೆಳಗಿನ ಸಂಪಿನಲ್ಲಿ ಬೇರೆಯಾಗಿ ಇರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಇಂಧನದ ಜೊತೆಯಲ್ಲೇ ಬರಬೇಕು. ಇಂಧನ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದ ಸ್ಥಿತಿಗೆ ಗ್ಯಾರೇಜಿನಲ್ಲಿ "ಲೀನ್" ಅನ್ನುತ್ತೇವೆ, ಇಂಧನ ಹೆಚ್ಚಾದರೆ "ರಿಚ್". ಲೀನ್ ಆದ ಟೂ-ಸ್ಟ್ರೋಕ್ ಇಂಜಿನ್ ಹೆಚ್ಚು ಬಿಸಿಯಾಗುತ್ತದೆ, ಆ ಬಿಸಿಗೇ ಅದಕ್ಕೆ ಬೇಕಾದ ಆಯಿಲ್ ಸಿಗುವುದಿಲ್ಲ. ಪಿಸ್ಟನ್ ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಇದೇ ಸೀಜ್.

ನನ್ನ ಸ್ವಂತ ತಪ್ಪನ್ನೇ ಹೇಳುತ್ತೇನೆ. 1990ರ ದಶಕದ ಮಾತು. ಬಾಡಿಗೆ ಆಟೋ ಓಡಿಸುವ ಒಬ್ಬರು ಬಂದರು. "ಸ್ಲೋ ನಿಲ್ತಿಲ್ಲ ಗುರು, ರೇಸ್ ಹಾಗೇ ನಿಂತ್ಬಿಡುತ್ತೆ, ಮೈಲೇಜೂ ಬರ್ತಿಲ್ಲ" ಅಂದರು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಮೈಲೇಜ್ ಬರಲಿ ಎಂದು ಒಂದು ಸೈಜ್ ಸಣ್ಣ ಜೆಟ್ ಹಾಕಿ, ಸ್ಕ್ರೂ ತಿರುಗಿಸಿ ಸ್ಲೋ ಇಳಿಸಿ ಕಳಿಸಿದೆ. ಸಾಯಂಕಾಲ ಯಶವಂತಪುರದ ಹತ್ತಿರ ಗಾಡಿ ಸೀಜ್ ಆಯಿತು. ಬಿಚ್ಚಿ ನೋಡಿದರೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿತ್ತು. ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಮೊದಲೇ ಲೀನ್ ಆಗಿದ್ದ ಇಂಜಿನ್ನನ್ನು ನಾನು ಇನ್ನಷ್ಟು ಲೀನ್ ಮಾಡಿ ಕಳಿಸಿದ್ದೆ. ಸೀಲಿನ ಬೆಲೆ ಒಂದು ಊಟದ ದುಡ್ಡು. ಆದದ್ದು ಬೋರ್, ಪಿಸ್ಟನ್, ರಿಂಗ್ ಎಲ್ಲದರ ಖರ್ಚು. ಅದನ್ನು ನಾನೇ ಹಾಕಿದೆ. ಆದರೆ ಮೂರು ದಿನ ಗಾಡಿ ನಿಂತಿದ್ದಕ್ಕೆ ಅವರು ಮಾಲೀಕರಿಗೆ ಬಾಡಿಗೆ ಕಟ್ಟಲೇಬೇಕಾಯಿತು. ಆ ಮೂರು ದಿನ ಅವರ ಮನೆಯಲ್ಲಿ ಹೇಗೆ ನಡೆಯಿತು ಎಂದು ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿ. ಯಾವಾಗಿನಿಂದ ಹೀಗಾಗಿದೆ? ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಸ್ಲೋದಲ್ಲೋ, ರೇಸ್ ಕೊಟ್ಟಾಗಲೋ? ಹಿಂದೆ ಯಾರು ಕೈ ಹಾಕಿದ್ದರು? ಯಾವ ಇಂಧನ, ಎಷ್ಟು ಹಳೆಯದು? ಈ ಕೊನೆಯ ಪ್ರಶ್ನೆಗೆ ಹುಡುಗ ತಡವರಿಸಿದ. ಕ್ಯಾನಿನ ಮುಚ್ಚಳ ಸಡಿಲವಾಗಿ ಎರಡು ಮಳೆಗಾಲ ಕಳೆದಿತ್ತು. ರಿಮೋಟ್ ಕಾರಿನ ಈ ಸಣ್ಣ ಇಂಜಿನ್ ಪೆಟ್ರೋಲಿನಲ್ಲಿ ಓಡುವುದಿಲ್ಲ. ಅದರ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್, ಜೊತೆಗೆ ಸಾಮಾನ್ಯವಾಗಿ ನೂರಕ್ಕೆ 10ರಿಂದ 30ರಷ್ಟು ನೈಟ್ರೋಮೀಥೇನ್, ಉಳಿದದ್ದು ಹರಳೆಣ್ಣೆ ಅಥವಾ ಸಿಂಥೆಟಿಕ್ ಆಯಿಲ್. ನಾವು ತಲೆಗೆ ಹಚ್ಚುವ ಹರಳಿನ ಎಣ್ಣೆಯ ಜಾತಿಯೇ, ಶುದ್ಧ ಮಾಡಿದ್ದು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಇಂಧನದಲ್ಲಿ ಯಾವ ಟ್ಯೂನಿಂಗೂ ನಿಲ್ಲದು. ಹಾಗಾಗಿ ಹಳೆಯದನ್ನು ಪಕ್ಕಕ್ಕಿಟ್ಟು ಸೀಲ್ ಒಡೆಯದ ಕ್ಯಾನಿನಿಂದಲೇ ಪರೀಕ್ಷೆ ಶುರುಮಾಡಿದೆವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೆಥನಾಲ್ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದನ್ನು ಹಿರಿಯರು ಮರೆತಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ ಹೋದರು. ಅಲ್ಲಿ ಕೊಂದದ್ದು ಇದೇ ಮೆಥನಾಲ್. ಈ ಇಂಧನವನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದಿಡಲೇಬೇಡಿ. ಬಾಯಿಂದ ಟ್ಯೂಬ್ ಎಳೆದು ತೆಗೆಯಬೇಡಿ. ಇದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಇಂಜಿನ್ ಯಾವುದೇ ಇರಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಇನ್ನು ಕಾರಿಗೆ ಬರೋಣ. ಇಂಜಿನ್ ಮುಟ್ಟುವ ಮೊದಲು ಹೊರಗಿನದನ್ನು ನೋಡಿ. ರಿಮೋಟಿನ ಬ್ಯಾಟರಿ, ಕಾರಿನೊಳಗಿನ ಬ್ಯಾಟರಿ ಸರಿಯಿದೆಯೇ? ಬ್ಯಾಟರಿ ಇಳಿದಿದ್ದರೆ ಕಾರ್ಬುರೇಟರನ್ನು ತೆರೆದು ಮುಚ್ಚುವ ಸರ್ವೋ ಮೋಟಾರ್ ನಡುಗುತ್ತದೆ, ನಾವು ಇಂಜಿನ್ನನ್ನು ಬೈಯುತ್ತೇವೆ. ಬ್ರೇಕ್ ಉಜ್ಜುತ್ತಿದೆಯೇ? ಉಜ್ಜಿದರೆ ಇಂಜಿನ್ ಭಾರಕ್ಕೆ ಬಿಸಿಯಾಗುತ್ತದೆ. ಏರ್ ಫಿಲ್ಟರ್ ಮಣ್ಣಾಗಿದೆಯೇ? ಹುಡುಗನ ಕಾರಿನಲ್ಲಿ ಇವೆಲ್ಲಾ ಸರಿಯಿದ್ದವು.

ಆಮೇಲೆ ಕಂಪ್ರೆಷನ್. ಪಿಸ್ಟನ್ ಹೋಗಿದೆ ಎಂಬ ಮಾತು ನಿಜವೋ ಸುಳ್ಳೋ ಇಲ್ಲೇ ಗೊತ್ತಾಗುತ್ತದೆ. ಸ್ಕೂಟರ್, ಬೈಕಿನಲ್ಲಿ ಕಿಕ್ಕರ್ ಕಾಲಿಗೆ ಎದುರು ಕೊಡಬೇಕು. ಪ್ಲಗ್ ತೆಗೆದು ಆ ತೂತಿಗೆ ಹೆಬ್ಬೆರಳಿಟ್ಟು ಕಿಕ್ ಹೊಡೆದರೆ ಬೆರಳನ್ನು ಜೋರಾಗಿ ತಳ್ಳಬೇಕು. ರಿಮೋಟ್ ಕಾರಿನ ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ನಿಗೆ ರಿಂಗೇ ಇಲ್ಲ. ಸ್ಲೀವ್ ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ಪಿಸ್ಟನ್ ಅಲ್ಲಿಗೆ ಬಂದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಫ್ಲೈವೀಲನ್ನು ಬೆರಳಲ್ಲಿ ತಿರುಗಿಸಿದೆವು. ಮೇಲೆ ಬಂದಾಗ ಚೆನ್ನಾಗಿ ಬಿಗಿಯಿತು. ಬಿಸಿಯಾದಾಗಲೂ ನೋಡಬೇಕು, ಏಕೆಂದರೆ ಸವೆದ ಪಿಸ್ಟನ್ ತಣ್ಣಗಿದ್ದಾಗ ನಾಟಕ ಆಡುತ್ತದೆ. ಓಡಿಸಿ ನಿಲ್ಲಿಸಿ ಮತ್ತೆ ತಿರುಗಿಸಿದೆವು, ಆಗಲೂ ಹಿಡಿತ ಇತ್ತು. ಪಿಸ್ಟನ್ ಹೋಗಿಲ್ಲ ಎಂದು ಹೇಳಿದಾಗ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು.

ಒಂದು ಎಚ್ಚರಿಕೆ: ಹಗ್ಗ ಎಳೆದಾಗ ಇಂಜಿನ್ ಪೂರ್ತಿ ಕಚ್ಚಿ ನಿಂತರೆ ಬಲ ಹಾಕಬೇಡಿ. ಬಹಳ ಸಲ ಅದು ಸೀಜ್ ಅಲ್ಲ, ಓವರ್‌ಫ್ಲೋ ಆಗಿ ಸಿಲಿಂಡರಿನಲ್ಲಿ ಇಂಧನ ತುಂಬಿರುತ್ತದೆ. ದ್ರವವನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು, ಕಾರನ್ನು ತಲೆಕೆಳಗೆ ಮಾಡಿ, ಮೆಲ್ಲಗೆ ನಾಲ್ಕು ಸಲ ಎಳೆದರೆ ಹೊರಗೆ ಬರುತ್ತದೆ.

ಪ್ಲಗ್ ವಿಷಯಕ್ಕೆ ಬಂದರೆ ದೊಡ್ಡ ಗಾಡಿಗೂ ಇದಕ್ಕೂ ವ್ಯತ್ಯಾಸ ಇದೆ. ಬೈಕಿನಲ್ಲಿ ಪ್ಲಗ್ ಕಿಡಿ ಹಾರಿಸುತ್ತದೆ; ಕರೆಂಟ್ ಬರುತ್ತಿದೆಯೇ ಎಂದು ಬಾಡಿಗೆ ತಾಗಿಸಿ ನೋಡುತ್ತೇವೆ. ಇಲ್ಲಿರುವುದು ಗ್ಲೋ ಪ್ಲಗ್. ಅದರೊಳಗೆ ಪ್ಲಾಟಿನಂ ಬೆರೆಸಿದ ತಂತಿಯ ಸುರುಳಿ. ಸ್ಟಾರ್ಟ್ ಮಾಡುವಾಗ ಮಾತ್ರ ಸುಮಾರು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಆವಿ ಪ್ಲಾಟಿನಂ ಮೇಲೆ ಉರಿಯುವ ಬಿಸಿಯಿಂದ, ಕಂಪ್ರೆಷನ್ನಿನ ಬಿಸಿಯಿಂದ, ಅದು ತಾನೇ ಕೆಂಪಗಿರುತ್ತದೆ. ಪ್ಲಗ್ ತೆಗೆದು ಇಕ್ಕಳದಲ್ಲಿ ಹಿಡಿದು ಬ್ಯಾಟರಿ ಕೊಟ್ಟು ನೋಡಿ, ಸುರುಳಿಯ ಎಲ್ಲಾ ಸುತ್ತುಗಳೂ ಹೊಳೆಯಬೇಕು. ಪ್ಲಗ್ ಸುಳ್ಳು ಹೇಳುವುದಿಲ್ಲ. ಒದ್ದೆಯಾಗಿ ಹೊಳೆಯುತ್ತಿದ್ದರೆ ರಿಚ್. ತಂತಿ ಬೂದುಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಲೀನ್ ಆಗಿ ಕಾದಿದೆ. ತಂತಿ ಜಜ್ಜಿ ಲೋಹದ ಚೂರು ಅಂಟಿದ್ದರೆ ಒಳಗೆ ಬೇರಿಂಗೋ ರಾಡೋ ಪುಡಿಯಾಗುತ್ತಿದೆ, ಅಂಥ ಇಂಜಿನ್ನನ್ನು ಇನ್ನೊಂದು ಸಲವೂ ಓಡಿಸಬೇಡಿ. ಹುಡುಗನ ಪ್ಲಗ್ ಉರಿಯುತ್ತಿತ್ತು, ಆದರೆ ತಂತಿ ಬೂದಿ ಬಣ್ಣ, ಸ್ವಲ್ಪ ಸೊಟ್ಟ.

ಲೀನ್ ಎಂದು ಪ್ಲಗ್ ಹೇಳಿತು. ಹೊಗೆಯೂ ಅದನ್ನೇ ಹೇಳಿತು. ಓಡುವ ಕಾರಿನ ಹಿಂದೆ ತೆಳ್ಳನೆ ನೀಲಿ-ಬಿಳಿ ಹೊಗೆಯ ಎಳೆ ಯಾವಾಗಲೂ ಕಾಣಬೇಕು, ಅದು ಆಯಿಲ್ ಒಳಗೆ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿ. ಇದರಲ್ಲಿ ಬಿಸಿಯಾದ ಮೇಲೆ ಹೊಗೆಯೇ ಇರಲಿಲ್ಲ. ಮೂರನೆಯದು ದೋಸೆ ಕಾವಲಿಯ ಪರೀಕ್ಷೆ. ನಿಲ್ಲಿಸಿದ ಕೂಡಲೇ ಇಂಜಿನ್ನಿನ ತಲೆಯ ಮೇಲೆ, ಪ್ಲಗ್ ಪಕ್ಕ, ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡು ಕುದಿದು ಆರಿದರೆ ಕಾವು ಸರಿ. ಹನಿ ಸುಮ್ಮನೆ ಕೂತರೆ ತಣ್ಣಗಿದೆ, ರಿಚ್. ಚುಂಯ್ ಅಂತ ಬಿದ್ದ ಕ್ಷಣವೇ ಹಾರಿಹೋದರೆ ಬೇಡ, ನಿಲ್ಲಿಸಿ. ಇಲ್ಲಿ ಹಾರಿಹೋಯಿತು. ಥರ್ಮಾಮೀಟರ್ ಗನ್ ಇದ್ದವರು ಅದನ್ನೇ ಬಳಸಲಿ. ಸುಮಾರು 100ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಈಗ ಅವಸರದ ಮೆಕ್ಯಾನಿಕ್ ಏನು ಮಾಡುತ್ತಾನೆ? ಲೀನ್ ಇದೆ, ಸೂಜಿ ಬಿಚ್ಚಿ ರಿಚ್ ಮಾಡೋಣ ಅನ್ನುತ್ತಾನೆ. ಕಾರ್ಬುರೇಟರಿನ ಸೂಜಿ ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್. ಹುಡುಗನೂ ಅದನ್ನು ಮಾಡಿದ್ದ. ಎಡಕ್ಕೆ ತಿರುಗಿಸಿದಾಗ ರೇಸಿನಲ್ಲಿ ಸ್ವಲ್ಪ ಸರಿಹೋಯಿತು, ಸ್ಲೋದಲ್ಲಿ ಉಗುಳತೊಡಗಿತು. ಸ್ಲೋ ಸೂಜಿ ಬಲಕ್ಕೆ ಬಿಗಿಮಾಡಿದ, ಬಿಸಿಯಾಗಿ ನಿಂತಿತು. ಬೆಳಿಗ್ಗೆ ಸರಿಯಿದ್ದ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಇಲ್ಲ. ಮಿತ್ರರೇ, ಈ ಗುರುತನ್ನು ನೆನಪಿಡಿ. ಟ್ಯೂನಿಂಗ್ ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದರೆ, ರೇಸ್ ಬಿಟ್ಟರೂ ಇಂಜಿನ್ ಕೆಳಗಿಳಿಯದೆ ಕೂಗುತ್ತಿದ್ದರೆ, ಸೂಜಿಯ ಮೇಲೆ ಸಂಶಯ ಬೇಡ. ಕಾರ್ಬುರೇಟರ್ ಅಲ್ಲದ ಬೇರೆ ಯಾವುದೋ ಬಾಗಿಲಿನಿಂದ ಗಾಳಿ ನುಗ್ಗುತ್ತಿದೆ. ನಮ್ಮ ಭಾಷೆಯಲ್ಲಿ, ಇಂಜಿನ್ "ಏರ್ ತಗೊಳ್ತಿದೆ".

ಎಲ್ಲಿಂದ? ಇದಕ್ಕೆ ದೊಡ್ಡ ಯಂತ್ರ ಬೇಡ. ಪಕ್ಕದ ಪಂಕ್ಚರ್ ಅಂಗಡಿಯ ನೀರಿನ ಟಬ್ಬು ಸಾಕು. ಇಂಜಿನ್ನನ್ನು ಕಾರಿನಿಂದ ಇಳಿಸಿ, ಏರ್ ಫಿಲ್ಟರ್ ತೆಗೆದು, ಸೈಲೆನ್ಸರ್ ಕಡೆಯ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಇಂಧನ ಬರುವ ನಳಿಗೆಯ ಬಾಯಿ ಮುಚ್ಚಿದೆವು. ಕಾರ್ಬುರೇಟರ್ ಬಾಯಿಗೆ ಬಿಗಿಯಾಗಿ ಹೊಸ ಟ್ಯೂಬ್ ಸಿಕ್ಕಿಸಿ, ಬಾಗಿಲು ತೆರೆದಿಟ್ಟು, ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಊದಿದೆವು. ಕಾರ್ಬುರೇಟರ್ ಕುತ್ತಿಗೆ ಇಂಜಿನ್ನಿಗೆ ಸೇರುವ ಜಾಗದಿಂದ ಗುಳ್ಳೆಗಳ ಸಾಲು ಎದ್ದಿತು. ಹುಡುಗ "ಅಯ್ಯೋ, ಟ್ಯೂಬ್ ಪಂಕ್ಚರ್ ಥರಾನೇ!" ಅಂತ ಕೂಗಿದ. ಮುಂದಿನ ಬೇರಿಂಗ್ ಕಡೆ ಒಂದೆರಡು ಗುಳ್ಳೆ ಬಂದರೆ ಗಾಬರಿ ಬೇಡ, ಇಂಥ ಇಂಜಿನ್‌ಗಳಲ್ಲಿ ಅದು ಇರುವುದೇ. ಹಿಂದಿನ ಮುಚ್ಚಳದ ಪ್ಯಾಕಿಂಗ್, ಕಾರ್ಬುರೇಟರ್ ಬುಡ, ಇವುಗಳಿಂದ ಬರಬಾರದು. ಪರೀಕ್ಷೆ ಮುಗಿದ ಕೂಡಲೇ ನೀರು ಒರೆಸಿ, ಒಳಗೆ ನಾಲ್ಕು ಹನಿ ಆಯಿಲ್ ಬಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಅದೇ ನೀರಿನಲ್ಲಿ ಟ್ಯಾಂಕನ್ನೂ ನೋಡಿದೆವು. ಈ ಕಾರುಗಳಲ್ಲಿ ಸೈಲೆನ್ಸರಿನಿಂದ ಒಂದು ಸಣ್ಣ ಟ್ಯೂಬ್ ಟ್ಯಾಂಕಿಗೆ ಬಂದು ಹೊಗೆಯ ಒತ್ತಡದಿಂದ ಇಂಧನವನ್ನು ಮುಂದೆ ತಳ್ಳುತ್ತದೆ. ಆ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಅಂದರೆ ಒಂದಲ್ಲ, ಎರಡು ದೋಷ: ಒಂದು ಗಾಳಿಯನ್ನು ಹೆಚ್ಚಿಸುತ್ತಿತ್ತು, ಇನ್ನೊಂದು ಇಂಧನವನ್ನು ಕಡಿಮೆ ಮಾಡುತ್ತಿತ್ತು. ಒಂದು ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದ್ದರೆ ಹುಡುಗ ಮುಂದಿನ ಭಾನುವಾರ ಮತ್ತೆ ಬರುತ್ತಿದ್ದ.

ಬೈಕ್, ಸ್ಕೂಟರ್, ಕಳೆ ಮೆಷಿನ್ನಿನಲ್ಲಿ ಇಷ್ಟು ಸುಲಭವಾಗಿ ಮುಳುಗಿಸಲಾಗುವುದಿಲ್ಲ. ಅಲ್ಲಿ ಕಾರ್ಬುರೇಟರ್ ಬುಡಕ್ಕೆ, ಸಿಲಿಂಡರ್ ಬುಡದ ಪ್ಯಾಕಿಂಗಿಗೆ ಸ್ವಲ್ಪ ಗ್ರೀಸ್ ಮೆತ್ತಿ ಸ್ಲೋದಲ್ಲಿ ಓಡಿಸಿ. ಮೆತ್ತಿದಾಗ ಇಂಜಿನ್ ಸದ್ದು ಬದಲಾದರೆ ಅಲ್ಲೇ ಗಾಳಿ ಹೋಗುತ್ತಿದೆ. ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಹೊರಗೆ ಎಲ್ಲೂ ಸಿಗದಿದ್ದರೆ ಕ್ರ್ಯಾಂಕಿನ ಎರಡು ಆಯಿಲ್ ಸೀಲ್‌ಗಳು ಉಳಿದವು. ಮ್ಯಾಗ್ನೆಟ್ ಕಡೆಯದು ಹೋದರೆ ಗಾಳಿ ಎಳೆದು ಲೀನ್ ಆಗುತ್ತದೆ, ನನ್ನ ಆಟೋದಲ್ಲಿ ಆದಂತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ವಿಪರೀತ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಈ ಎರಡನೆಯದನ್ನೂ "ರಿಂಗ್ ಹೋಗಿದೆ" ಎಂದು ಬೋರ್ ಹೊಡೆಸಿದವರನ್ನು ನಾನು ಕಂಡಿದ್ದೇನೆ. ಬೋರ್ ಆದಮೇಲೂ ಹೊಗೆ ಹಾಗೇ.

ಬಜಾಜ್ ಸ್ಕೂಟರನ್ನು ಬಾಗಿಸಿ ಕಿಕ್ ಹೊಡೆಯುವುದು ಒಂದು ಕಾಲದಲ್ಲಿ ಪ್ರತಿ ಮನೆಯ ಮುಂದಿನ ಬೆಳಗಿನ ದೃಶ್ಯ. ಅದರಲ್ಲೂ ಒಂದು ಪಾಠ ಇದೆ. ಬಾಗಿಸಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಗೆ ತಣ್ಣಗಿದ್ದಾಗ ಇಂಧನ ಸಾಲುತ್ತಿಲ್ಲ ಎಂದರ್ಥ: ಚೋಕ್, ಫ್ಲೋಟ್, ಪೆಟ್ರೋಲ್ ಬರುವ ದಾರಿ ನೋಡಬೇಕು. ನಾವು ವರ್ಷಗಟ್ಟಲೆ ಬಾಗಿಸುತ್ತಲೇ ಇದ್ದೆವು!

ಹುಡುಗನನ್ನು ಕರೆದುಕೊಂಡು ಮಾರನೆಯ ದಿನ ಜೆ.ಸಿ. ರೋಡಿಗೆ ಹೋದೆ. ಹಳೆಯ ಓ-ರಿಂಗ್ ತೋರಿಸಿ ಅದೇ ಅಳತೆಯದು ತಗೊಂಡೆವು. ಹಳೆಯದು ಬಳೆಚೂರಿನಂತೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಟ್ಯೂಬ್ ಸಿಲಿಕಾನಿನದೇ ಬೇಕು. ಆದರೆ ಪೆಟ್ರೋಲ್ ಇಂಜಿನ್ನಿಗೆ ಸಿಲಿಕಾನ್ ಟ್ಯೂಬ್ ಹಾಕಬಾರದು, ಪೆಟ್ರೋಲಿನಲ್ಲಿ ಅದು ಉಬ್ಬುತ್ತದೆ. ಎರಡೂ ಸೇರಿ ಆದ ಖರ್ಚನ್ನು ಹುಡುಗ ಜೇಬಿನ ಚಿಲ್ಲರೆಯಲ್ಲೇ ಕೊಟ್ಟ. ಸೊಟ್ಟಗಾಗಿದ್ದ ಗ್ಲೋ ಪ್ಲಗ್ ಮಾತ್ರ ಹೊಸದು ತರಿಸಬೇಕಾಯಿತು.

ಜೋಡಿಸಿದ ಮೇಲೆ ಸೂಜಿಗಳನ್ನು ಸ್ವಲ್ಪ ರಿಚ್ ಕಡೆಗೇ ಇಟ್ಟು ಶುರುಮಾಡಿದೆವು. ಆಮೇಲೆ ಒಂದೊಂದು "ಗಂಟೆ"ಯಷ್ಟೇ ಬಲಕ್ಕೆ ತಿರುಗಿಸುವುದು. ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋಗುವಷ್ಟು, ಅಂದರೆ ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು. ಪ್ರತಿ ಸಲ ತಿರುಗಿಸಿದ ಮೇಲೆ ಒಂದು ಸುತ್ತು ಓಡಿಸಿ, ಹೊಗೆ ನೋಡಿ, ನೀರಿನ ಹನಿ ಬಿಡುವುದು. ಮೊದಲು ರೇಸಿನ ಸೂಜಿ, ಆಮೇಲೆ ಸ್ಲೋ ಸೂಜಿ. ಸ್ಲೋ ಸರಿಯಿದೆಯೇ ಎಂದು ತಿಳಿಯಲು ಇಂಧನದ ಟ್ಯೂಬನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಇಂಜಿನ್ ಸ್ವಲ್ಪ ಏರಿ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಸರಿ. ಒತ್ತಿದ ಕೂಡಲೇ ನಿಂತರೆ ಲೀನ್, ಬಹಳ ಹೊತ್ತು ಎಳೆದರೆ ರಿಚ್. ಏನೇನು ತಿರುಗಿಸಿದೆವು ಎಂದು ಹುಡುಗನ ಅಪ್ಪ ಕೊಟ್ಟ ಒಂದು ಪುಟ್ಟ ಬೈಂಡ್ ಪುಸ್ತಕದಲ್ಲಿ ಬರೆಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ದೇವರಿಗೇ ಗೊತ್ತು.

ಮೂರನೆಯ ಸುತ್ತಿಗೆ ಹೊಗೆಯ ಎಳೆ ಕಾಣಿಸಿತು. ರೇಸ್ ಬಿಟ್ಟಾಗ ಇಂಜಿನ್ ತಕ್ಷಣ ಇಳಿಯಿತು. ಇಡೀ ಟ್ಯಾಂಕ್ ಓಡಿದ ಮೇಲೂ ನೀರಿನ ಹನಿ ನಾಲ್ಕು ಎಣಿಸುವಷ್ಟು ಹೊತ್ತು ಕುದಿಯಿತು.

ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಪ್ಲಗ್ ತೂತಿನಲ್ಲಿ ಮತ್ತು ಕಾರ್ಬುರೇಟರಿನಲ್ಲಿ ಕೆಲವು ಹನಿ ತೆಳು ಆಯಿಲ್ ಬಿಟ್ಟು ಹತ್ತು ಸಲ ತಿರುಗಿಸಿ ಇಡುವಂತೆ ಹೇಳಿ ಕಳಿಸಿದೆ. ಉಳಿದ ಮೆಥನಾಲ್ ನೀರು ಹೀರಿ ಬೇರಿಂಗ್ ತಿನ್ನುವುದು ಹಾಗೆ ನಿಲ್ಲುತ್ತದೆ. ಹುಡುಗ ಹೊರಡುವಾಗ ಕೇಳಿದ, "ಅಂಕಲ್, ನಮ್ ಮಾವನ ತೋಟದಲ್ಲಿ ಕಳೆ ಮೆಷಿನ್ ಹೀಗೇ ಕೂಗುತ್ತೆ, ರಿಪೇರಿಯವರು ಕಾರ್ಬುರೇಟರ್ ಬದಲಾಯ್ಸಿ ಅಂತಿದ್ದಾರೆ. ನಾನೇ ಗ್ರೀಸ್ ಮೆತ್ತಿ ನೋಡ್ಲಾ?" ಬ್ಲೇಡ್ ಬಿಚ್ಚಿಟ್ಟು ನೋಡು ಎಂದೆ.